ಐದು ವರ್ಷದ ಮಗಳು ಮನೆಗೆ ಬಂದ ಮೇಲೆ

ದತ್ತು ಪಡೆಯಲು ಹೆಸರು ನೋಂದಾಯಿಸಿದಾಗ ನನಗೆ 48 ವರ್ಷ, ನನ್ನ ಹೆಂಡತಿಗೆ 43. ಗಂಡ ಹೆಂಡಿರ ವಯಸ್ಸನ್ನು ಕೂಡಿಸಿ ನೋಡುವ ಕ್ರಮವೊಂದಿದೆ ಎಂಬುದು ಅಲ್ಲಿಯವರೆಗೆ ನಮಗೆ ಗೊತ್ತಿರಲಿಲ್ಲ. 2022ರ ದತ್ತು ನಿಯಮಾವಳಿಯ ಪ್ರಕಾರ ಎರಡು ವರ್ಷದೊಳಗಿನ ಮಗು ಬೇಕೆಂದರೆ ದಂಪತಿಯ ವಯಸ್ಸಿನ ಮೊತ್ತ 85ನ್ನು ಮೀರಬಾರದು. ಎರಡರಿಂದ ನಾಲ್ಕು ವರ್ಷದ ಮಗುವಿಗೆ ಈ ಮಿತಿ 90, ನಾಲ್ಕರಿಂದ ಎಂಟು ವರ್ಷದ ಮಗುವಿಗೆ 100. ನಮ್ಮ ಮೊತ್ತ 91. ತೊಟ್ಟಿಲ ಮಗುವಿನ ಆಸೆ ಅಲ್ಲಿಗೇ ಮುಗಿಯಿತು, ತೊದಲು ಮಾತಿನ ಮಗುವಿನ ಆಸೆ ಒಂದೇ ವರ್ಷದ ಅಂತರದಲ್ಲಿ ಕೈತಪ್ಪಿತು. ನಿಯಮ ಕ್ರೂರವೆಂದು ಆ ಕ್ಷಣಕ್ಕೆ ಅನ್ನಿಸಿದ್ದು ನಿಜ. ಆದರೆ ಮಗು ಕಾಲೇಜಿಗೆ ಹೋಗುವ ಹೊತ್ತಿಗೆ ನಾವು ಎಷ್ಟು ವಯಸ್ಸಿನವರಾಗಿರುತ್ತೇವೆ ಎಂದು ಹೆಂಡತಿ ಬೆರಳೆಣಿಸಿ ಹೇಳಿದ ಮೇಲೆ ನನ್ನ ತಕರಾರು ಉಳಿಯಲಿಲ್ಲ. ಅವಳು ಹಾಸನದ ಒಂದು ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ, ನಾನು ಊರ ಹೊರಗಿನ ಒಂದು ಸಹಕಾರ ಸಂಘದಲ್ಲಿ ಕಾರ್ಯದರ್ಶಿ. ಅಂಕಿಗಳ ವಿಷಯದಲ್ಲಿ ನಮ್ಮ ಮನೆಯಲ್ಲಿ ಹೆಚ್ಚು ಚರ್ಚೆ ನಡೆಯುವುದಿಲ್ಲ.

ಚರ್ಚೆ ನಡೆದದ್ದು ನೆಂಟರ ನಡುವೆ. ಆಲೂರು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ದೊಡ್ಡಪ್ಪನವರು, 'ಅಷ್ಟು ದೂರ ಯಾಕೋ ಹೋಗ್ತೀಯ? ನಿನ್ನ ತಮ್ಮನ ಎರಡನೇ ಹುಡುಗನನ್ನೇ ಕೇಳು. ಮೈಸೂರು ಅರಸರು ದತ್ತು ತಗೊಂಡೇ ಅಲ್ವೇನೋ ವಂಶ ಉಳಿಸಿದ್ದು' ಎಂದರು. ಅವರ ಮಾತು ಇತಿಹಾಸದ ಮಟ್ಟಿಗೆ ಸರಿಯೇ. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ಪಡೆದ ಬಾಲಕನೇ ಮುಂದೆ ಹತ್ತನೆಯ ಚಾಮರಾಜ ಒಡೆಯರಾಗಿ, 1881ರಲ್ಲಿ ಬ್ರಿಟಿಷರಿಂದ ರಾಜ್ಯವನ್ನು ಮರಳಿ ಪಡೆದರು. 2015ರಲ್ಲಿ ಪ್ರಮೋದಾದೇವಿ ಒಡೆಯರ್ ಅವರು ಯದುವೀರರನ್ನು ದತ್ತು ಸ್ವೀಕರಿಸಿದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ. 1956ರ ಹಿಂದೂ ದತ್ತಕ ಕಾಯ್ದೆಯಡಿ ನೆಂಟರ ಮಗುವನ್ನು ತಂದುಕೊಳ್ಳಲು ಇಂದಿಗೂ ಅವಕಾಶವಿದೆ. ಆದರೆ ಆ ಹಳೆಯ ಪದ್ಧತಿಯಲ್ಲಿ ಮೊದಲು ಬರುವುದು ಮನೆತನದ ಅಗತ್ಯ. ತಂದೆ ತಾಯಿ ಕಣ್ಣೆದುರೇ ಇರುವ ಹುಡುಗನನ್ನು ನಮ್ಮ ಹೆಸರಿಗೆ ಬರೆಸಿಕೊಳ್ಳುವುದರಲ್ಲಿ ನಮ್ಮಿಬ್ಬರಿಗೂ ಅರ್ಥ ಕಾಣಲಿಲ್ಲ. ಇನ್ನೊಬ್ಬ ಪರಿಚಯಸ್ಥರು ಇನ್ನೂ ಹತ್ತಿರದ ದಾರಿ ತೋರಿಸಿದರು: ಯಾವುದೋ ಊರಿನ ನರ್ಸಿಂಗ್ ಹೋಮಿನಲ್ಲಿ ಒಬ್ಬರಿದ್ದಾರೆ, ದುಡ್ಡು ಕೊಟ್ಟರೆ ಹುಟ್ಟಿದ ಮಗುವನ್ನು ನಿಮ್ಮ ಹೆಸರಿನಲ್ಲೇ ದಾಖಲು ಮಾಡಿಸಿಕೊಡುತ್ತಾರೆ ಎಂದು. ಇದು ಮಗುವಿನ ಮಾರಾಟ. ಬಾಲನ್ಯಾಯ ಕಾಯ್ದೆಯಲ್ಲಿ ಇದಕ್ಕೆ ಐದು ವರ್ಷದವರೆಗೆ ಕಠಿಣ ಜೈಲುವಾಸವೂ ಒಂದು ಲಕ್ಷ ರೂಪಾಯಿ ದಂಡವೂ ಇದೆ, ಆಸ್ಪತ್ರೆಯವರೇ ಶಾಮೀಲಾಗಿದ್ದರೆ ಶಿಕ್ಷೆ ಮೂರರಿಂದ ಏಳು ವರ್ಷ. ಇಷ್ಟನ್ನೂ ಹೇಳಿದ ಮೇಲೂ ಆ ಪರಿಚಯಸ್ಥರು, 'ಎಲ್ಲರೂ ಮಾಡ್ತಾರೆ ಬಿಡಿ ಸಾರ್' ಎಂದದ್ದು ನನಗೆ ಈಗಲೂ ಅಚ್ಚರಿ ತರುತ್ತದೆ.

ಕ್ರಮಬದ್ಧವಾದ ದಾರಿ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ್ದು. ಎಲ್ಲರೂ ಅದನ್ನು 'ಕಾರಾ' ಎನ್ನುತ್ತಾರೆ. ಅದರ ಜಾಲತಾಣದಲ್ಲಿ ಪ್ಯಾನ್ ಕಾರ್ಡು, ಆದಾಯದ ದಾಖಲೆ, ಮದುವೆಯ ಪ್ರಮಾಣಪತ್ರ, ವೈದ್ಯರಿಂದ ಪಡೆದ ಆರೋಗ್ಯ ಪ್ರಮಾಣಪತ್ರ ಮುಂತಾದವನ್ನು ಸೇರಿಸಿದ ನಂತರ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಸಮಾಜ ಕಾರ್ಯಕರ್ತೆಯೊಬ್ಬರು ಗೃಹ ಅಧ್ಯಯನ ವರದಿಗಾಗಿ ಮನೆಗೆ ಬಂದರು. ಮನೆಯ ಕೋಣೆ, ಬಚ್ಚಲು, ನೀರಿನ ವ್ಯವಸ್ಥೆಗಳನ್ನು ನೋಡಿ ಹೋಗುತ್ತಾರೆ ಎಂದು ಭಾವಿಸಿದ್ದೆವು. ಅವರು ಅದನ್ನೆಲ್ಲ ಬೇಗನೆ ಮುಗಿಸಿ, ನಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿಕೊಂಡು ಬಹಳ ಹೊತ್ತು ಪ್ರಶ್ನೆ ಕೇಳಿದರು. ನೀವಿಬ್ಬರೂ ಜಗಳವಾಡಿದರೆ ಮೊದಲು ಮಾತನಾಡಿಸುವವರು ಯಾರು, ನಿಮ್ಮ ತಾಯಿಗೆ ಈ ವಿಷಯ ಗೊತ್ತೇ, ಮಗು ಓದಿನಲ್ಲಿ ಹಿಂದುಳಿದರೆ ಶಿಕ್ಷಕಿಯಾದ ನಿಮಗೆ ಹೇಗನ್ನಿಸುತ್ತದೆ ಎಂಬಂಥ ಪ್ರಶ್ನೆಗಳು ಅವು. ದೊಡ್ಡ ಮಗುವನ್ನು ಕರೆದೊಯ್ದು ಕೆಲವು ತಿಂಗಳಲ್ಲೇ 'ಹೊಂದಿಕೊಳ್ಳುತ್ತಿಲ್ಲ' ಎಂದು ಕೇಂದ್ರಕ್ಕೆ ಹಿಂದಿರುಗಿಸಿದ ದಂಪತಿಗಳಿದ್ದಾರೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಮೂರು ವರ್ಷ ಊರ್ಜಿತವಾಗಿರುವ ಆ ವರದಿಯ ಒಂದು ಪ್ರತಿ ನಮ್ಮ ಬಳಿ ಇದೆ, ಅದನ್ನು ಆಗಾಗ ತೆಗೆದು ಓದುವುದುಂಟು. ನಮ್ಮ ಮದುವೆಯ ಬಗ್ಗೆ ಅಷ್ಟು ನಿಷ್ಪಕ್ಷಪಾತವಾಗಿ ಬೇರಾರೂ ಬರೆದಿಲ್ಲ.

ಸಣ್ಣ ಮಕ್ಕಳಿಗಾಗಿ ಕಾಯುವವರ ಸಾಲು ವರ್ಷಗಟ್ಟಲೆ ಉದ್ದವಾದರೆ ನಾಲ್ಕು ದಾಟಿದ ಮಕ್ಕಳ ಸಾಲು ಚಿಕ್ಕದು. ನಮಗೆ ಕರೆ ಬೇಗನೇ ಬಂತು. ಫೋಟೊ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ ಈ ಮೂರನ್ನು ನೋಡಿ 48 ಗಂಟೆಯೊಳಗೆ ಮಗುವನ್ನು ಕಾಯ್ದಿರಿಸಬೇಕು, ಇಲ್ಲವೇ ಬಿಡಬೇಕು. ಬಸ್ಸಿನ ಸೀಟಿಗೆ ಬಳಸುವ ಮಾತನ್ನು ಮಗುವಿಗೆ ಬಳಸಬೇಕಾಗಿ ಬಂದದ್ದು ನನಗೆ ಹಿಡಿಸಲಿಲ್ಲ, ಆದರೆ ಪ್ರಕ್ರಿಯೆಯಲ್ಲಿ ಅದಕ್ಕೆ ಅದೇ ಹೆಸರು. ವೈದ್ಯಕೀಯ ವರದಿಯನ್ನು ನಮ್ಮ ಬೀದಿಯ ಮಕ್ಕಳ ವೈದ್ಯರಿಗೆ ತೋರಿಸಿದೆವು. ಅವರು ತೂಕ ಸ್ವಲ್ಪ ಕಡಿಮೆ, ರಕ್ತ ಸ್ವಲ್ಪ ಕಡಿಮೆ, ಉಳಿದದ್ದೆಲ್ಲ ಸರಿಯಿದೆ ಎಂದರು. ಕರ್ನಾಟಕದ ಉತ್ತರ ಭಾಗದ ಒಂದು ಜಿಲ್ಲೆಯ ವಿಶೇಷ ದತ್ತು ಸ್ವೀಕಾರ ಕೇಂದ್ರದಲ್ಲಿದ್ದ ಐದು ವರ್ಷದ ಹುಡುಗಿ ಅವಳು. ಜಿಲ್ಲೆ ಯಾವುದು, ಅವಳು ಆ ಕೇಂದ್ರಕ್ಕೆ ಬಂದದ್ದು ಹೇಗೆ ಎಂಬುದನ್ನು ನಾನು ಬರೆಯುವುದಿಲ್ಲ. ಅದು ಅವಳಿಗೆ ಸೇರಿದ್ದು, ಹೇಳುವುದಾದರೆ ಅವಳೇ ಹೇಳಬೇಕು. ಇಷ್ಟನ್ನು ಮಾತ್ರ ಹೇಳಬಹುದು: ಯಾವ ಮಗುವೂ ನೇರವಾಗಿ ದತ್ತಿಗೆ ಬರುವುದಿಲ್ಲ. ಹೆತ್ತವರೇ ಒಪ್ಪಿಸಿದ ಮಗುವಾದರೆ ಮನಸ್ಸು ಬದಲಿಸಲು ಅವರಿಗೆ 60 ದಿನಗಳ ಕಾಲಾವಕಾಶವಿದೆ. ಸಿಕ್ಕಿದ ಮಗುವಾದರೆ ಹೆತ್ತವರನ್ನು ಹುಡುಕುವ ವಿಚಾರಣೆ ನಡೆದು, ಎರಡು ವರ್ಷದೊಳಗಿನ ಮಗುವಿನ ವಿಷಯದಲ್ಲಿ ಎರಡು ತಿಂಗಳೊಳಗೆ, ಅದಕ್ಕಿಂತ ದೊಡ್ಡ ಮಗುವಿನ ವಿಷಯದಲ್ಲಿ ನಾಲ್ಕು ತಿಂಗಳೊಳಗೆ, ಆ ಮಗುವನ್ನು ದತ್ತು ಕೊಡಬಹುದೇ ಎಂದು ಮಕ್ಕಳ ಕಲ್ಯಾಣ ಸಮಿತಿ ತೀರ್ಮಾನಿಸಬೇಕು. 'ಎಲ್ಲಿಂದಲೋ ಎತ್ತಿಕೊಂಡು ಬಂದರು' ಎಂದು ಆಡಿಕೊಳ್ಳುವವರಿಗೆ ಈ ವ್ಯವಸ್ಥೆಯ ಅರಿವಿರುವುದಿಲ್ಲ.

ಕೇಂದ್ರದಲ್ಲಿ ಅವಳು ನಮ್ಮನ್ನು ಮಾತನಾಡಿಸಿದ ರೀತಿ ಅಲ್ಲಿಗೆ ಬರುವ ಎಲ್ಲ ದೊಡ್ಡವರನ್ನೂ ಮಾತನಾಡಿಸುವ ರೀತಿಯೇ ಆಗಿತ್ತು: ಹೆಂಗಸರೆಲ್ಲ ಅಮ್ಮ, ಗಂಡಸರೆಲ್ಲ ಸರ್. ತನ್ನನ್ನು ನೋಡಿದ ಕೂಡಲೇ 'ಅಮ್ಮಾ' ಎಂದಳೆಂದು ಹೆಂಡತಿ ಕರಗಿದ್ದಳು. ಅಡುಗೆಯವರನ್ನೂ ಹುಡುಗಿ ಹಾಗೆಯೇ ಕರೆದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಅಂದು ಅದು ಬೇಸರ ತಂದರೂ, ಮೊದಲ ಭೇಟಿಯಲ್ಲೇ ಬಾಂಧವ್ಯ ಬೆಳೆಯಿತೆಂದು ಎಣಿಸದಂತೆ ನಮ್ಮನ್ನು ಕಾಪಾಡಿದ್ದೂ ಅದೇ. ದತ್ತು ಪೂರ್ವ ಪೋಷಕತ್ವದ, ಅಂದರೆ ದತ್ತು ಆದೇಶ ಬರುವವರೆಗೆ ಮಗುವನ್ನು ನಮ್ಮ ಬಳಿ ಇಟ್ಟುಕೊಂಡು ಸಾಕುವ, ಪತ್ರಗಳಿಗೆ ಸಹಿ ಮಾಡಿ ಅವಳನ್ನು ಮನೆಗೆ ಕರೆತಂದೆವು. ದತ್ತು ಆದೇಶ ಆಮೇಲೆ ಆ ಜಿಲ್ಲೆಯ ಜಿಲ್ಲಾಧಿಕಾರಿಯವರಿಂದ ಬಂತು. 2022ರ ಸೆಪ್ಟೆಂಬರ್ 1ರಿಂದ ಈ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿಗೆ ವರ್ಗವಾಗಿದೆ. ವಿಚಾರಣೆ ಗೋಪ್ಯವಾಗಿ ನಡೆಯಬೇಕು, ಮಗುವಿನ ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕಂತೆ ಅದರ ಇಚ್ಛೆಯನ್ನೂ ಪರಿಗಣಿಸಬೇಕು ಎಂದು ಕಾಯ್ದೆ ಹೇಳುತ್ತದೆ. 'ಇವರ ಜೊತೆ ಇರ್ತೀಯಾ?' ಎಂದು ಕೇಳಿದಾಗ ನಮ್ಮ ಮಗಳು, 'ಹೂಂ ರೀ, ಅಲ್ಲಿ ನಾಯಿ ಐತಿ' ಎಂದಳು. ಪಕ್ಕದ ಮನೆಯ ನಾಯಿ ಅದು. ಕಾರಣ ಏನೇ ಇರಲಿ, ಒಪ್ಪಿಗೆ ಸಿಕ್ಕಿತು.

ಕಾನೂನಿನ ದೃಷ್ಟಿಯಲ್ಲಿ ಆದೇಶದ ದಿನದಿಂದ ಅವಳು ನಮಗೇ ಹುಟ್ಟಿದ ಮಗಳಿಗೆ ಸಮ. ಆಸ್ತಿಯ ಹಕ್ಕು ಸೇರಿದಂತೆ ಯಾವುದರಲ್ಲೂ ವ್ಯತ್ಯಾಸವಿಲ್ಲ. ಇದು ಬಹಳ ದೊಡ್ಡ ರಕ್ಷಣೆ. ಆದರೆ ನಮ್ಮ ಸುತ್ತಲಿನವರು ಇದನ್ನು ಬೇರೆ ರೀತಿ ಅರ್ಥ ಮಾಡಿಕೊಂಡರು: ಆದೇಶ ಬಂದ ದಿನವೇ ಅವಳು ಹುಟ್ಟಿದಳು, ಅದಕ್ಕೆ ಹಿಂದಿನದೆಲ್ಲ ಅಳಿಸಿಹೋಯಿತು ಎಂಬಂತೆ. ನಮಗೆ ಎದುರಾದ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಈ ಎಣಿಕೆಯಿಂದಲೇ. ಐದು ವರ್ಷದ ಮಗು ಐದು ವರ್ಷದ ಬದುಕನ್ನು ಜೊತೆಯಲ್ಲಿ ತಂದಿರುತ್ತದೆ.

ಮೊದಲು ಹೆಸರಿನ ಪ್ರಶ್ನೆ ಬಂತು. ಹೊಸದಾಗಿ ನಾಮಕರಣ ಮಾಡಿ, ನಮ್ಮ ಅಜ್ಜಿಯ ಹೆಸರಿಡೋಣ ಎಂದು ಮನೆಯವರೆಲ್ಲ ಆಸೆಪಟ್ಟರು. ಕೇಂದ್ರದ ಆಯಾ ಒಬ್ಬರು ಇಟ್ಟ ಹೆಸರು ಅವಳದು. ಕರೆದರೆ ತಿರುಗಿ ನೋಡುವ, ಸ್ಲೇಟಿನ ಮೇಲೆ ಅಂಕುಡೊಂಕಾಗಿ ಬರೆಯಬಲ್ಲ ಹೆಸರು. ಮನೆ, ಊರು, ಊಟ, ಮಾತು ಎಲ್ಲವೂ ಬದಲಾದ ಮಗುವಿನಿಂದ ಅದನ್ನೂ ಕಿತ್ತುಕೊಳ್ಳುವುದು ನಮಗೆ ಸಾಧ್ಯವಿರಲಿಲ್ಲ. ಅದೇ ಹೆಸರನ್ನು ಉಳಿಸಿ ನಮ್ಮ ಇನಿಷಿಯಲ್ ಸೇರಿಸಿದೆವು. ಅತ್ತಿಗೆಯವರು ಕೆಲವು ತಿಂಗಳು ಹೊಸ ಹೆಸರಿನಿಂದಲೇ ಕರೆದು ನೋಡಿದರು, ಅವಳು ಓಗೊಡಲಿಲ್ಲ.

ಊಟದ ವಿಷಯಕ್ಕೆ ನಾವು ಸಿದ್ಧರಾಗಿರಲಿಲ್ಲ. ಜೋಳದ ರೊಟ್ಟಿ ಅನ್ನ ತಿಂದು ಬೆಳೆದವಳಿಗೆ ರಾಗಿಮುದ್ದೆ ಕೊಟ್ಟರೆ ಅಗಿಯತೊಡಗಿದಳು. ನನ್ನ ತಾಯಿ ಪಕ್ಕದಲ್ಲಿ ಕುಳಿತು, 'ಅಗೀಬಾರ್ದು ಮಗ, ಸಾರಲ್ಲಿ ಅದ್ದಿ ನುಂಗ್ಬಿಡು' ಎಂದು ತೋರಿಸಿಕೊಟ್ಟರು. ನಗು ತರಿಸಿದ ಈ ಪಾಠದ ಹಿಂದೆಯೇ ಇನ್ನೊಂದು ಸಂಗತಿ ಬಯಲಾಯಿತು. ಹಾಸಿಗೆ ಝಾಡಿಸುವಾಗ ದಿಂಬಿನ ಚೀಲದೊಳಗೆ ಒಣಗಿದ ಚಪಾತಿ ಚೂರು, ಬಿಸ್ಕತ್ತು, ಒಮ್ಮೆ ಕಾಗದದಲ್ಲಿ ಸುತ್ತಿದ ಅನ್ನ ಸಿಕ್ಕವು. ಇರುವೆ ಮುತ್ತಿದವು ಎಂದು ಗದರಿಸುವ ಮೊದಲು ಹೆಂಡತಿ ಸಮಾಜ ಕಾರ್ಯಕರ್ತೆಗೆ ಫೋನು ಮಾಡಿದಳು. ಅವರ ಸಲಹೆಯಂತೆ, ಅವಳ ಕೈಗೆ ಎಟಕುವ ಕಪಾಟಿನಲ್ಲಿ ಅವಳದೇ ಒಂದು ಡಬ್ಬಿ ಇಟ್ಟು, ಅದರಲ್ಲಿ ಕಡಲೆ, ಬೆಲ್ಲ, ಬಿಸ್ಕತ್ತು ಎಂದೂ ಖಾಲಿಯಾಗದಂತೆ ನೋಡಿಕೊಂಡೆವು; ಯಾವಾಗ ಬೇಕಾದರೂ, ಯಾರನ್ನೂ ಕೇಳದೆ ತೆಗೆದುಕೊಳ್ಳಬಹುದು ಎಂದು ಹೇಳಿದೆವು. ಮೊದಮೊದಲು ದಿನಕ್ಕೆ ಹಲವು ಬಾರಿ ಡಬ್ಬಿ ತೆರೆದು ಏನನ್ನೂ ತೆಗೆಯದೆ ಮುಚ್ಚುತ್ತಿದ್ದಳು. ದಿಂಬಿನೊಳಗಿನ ದಾಸ್ತಾನು ಕ್ರಮೇಣ ನಿಂತಿತು. ಕೇಂದ್ರದಲ್ಲಿ ಅವಳಿಗೆ ಹೊಟ್ಟೆಗೆ ಕಡಿಮೆಯಾಗಿತ್ತು ಎಂದು ಇದರ ಅರ್ಥವಲ್ಲ, ಅಲ್ಲಿ ಊಟಕ್ಕೆ ಕೊರತೆ ಇರಲಿಲ್ಲ. ಎಲ್ಲರಿಗೂ ಒಂದೇ ಗಂಟೆಗೆ ಬಡಿಸುವ ಕಡೆ ಆಹಾರ ಯಾವಾಗ ಬರುತ್ತದೆ ಎಂಬುದು ಮಗುವಿನ ಕೈಯಲ್ಲಿರುವುದಿಲ್ಲ, ಅಷ್ಟೆ.

ನಿದ್ದೆಯೂ ಹಾಗೆಯೇ. ಅವಳಿಗೆಂದು ಬಣ್ಣ ಹೊಡೆಸಿ ಸಿದ್ಧಮಾಡಿದ್ದ ಕೋಣೆಯನ್ನು ಅವಳು ಬಾಗಿಲಲ್ಲೇ ನಿಂತು ನೋಡಿ ಹಿಂದೆ ಸರಿದಳು. ಸಾಲಾಗಿ ಹತ್ತಾರು ಮಕ್ಕಳ ನಡುವೆ, ದೀಪವಿರುವ ಕಡೆ ಮಲಗಿದವಳಿಗೆ ಒಂಟಿ ಕೋಣೆ ಶಿಕ್ಷೆಯಂತೆ ಕಂಡಿರಬೇಕು. ಮೂವರೂ ನಡುಮನೆಯಲ್ಲಿ ಚಾಪೆ ಹಾಸಿ ದೀಪ ಹಚ್ಚಿಟ್ಟೇ ಮಲಗತೊಡಗಿದೆವು. ಬಿದ್ದು ಮೊಣಕಾಲು ಕೆತ್ತಿದರೂ ಅವಳು ಅಳುತ್ತಿರಲಿಲ್ಲ. ಎದ್ದು, ಮಣ್ಣು ಕೊಡವಿ ಸುಮ್ಮನೆ ಹೋಗುತ್ತಿದ್ದಳು. ಬೀದಿಯವರು 'ಎಷ್ಟು ಗಟ್ಟಿ ಹುಡುಗಿ' ಎಂದು ಹೊಗಳುವಾಗ ನಮಗೆ ಸಂಕಟವಾಗುತ್ತಿತ್ತು. ಅತ್ತರೆ ಯಾರೋ ಬರುತ್ತಾರೆ ಎಂಬ ಅನುಭವವಿದ್ದರೆ ಮಾತ್ರ ಮಗು ಅಳುತ್ತದೆ. ಆಟದ ಬಯಲಿನಲ್ಲಿ ಕಲ್ಲು ಎಡವಿ, ದಾರಿಯುದ್ದಕ್ಕೂ ಅಳು ತಡೆದುಕೊಂಡು ಬಂದು, ಅಡುಗೆಮನೆಯಲ್ಲಿದ್ದ ಹೆಂಡತಿಯನ್ನು ಕಂಡ ಮೇಲೆ ಗಟ್ಟಿಯಾಗಿ ಅತ್ತ ದಿನ, ಗಾಯ ತೊಳೆಯುತ್ತಲೇ ಹೆಂಡತಿ ನನಗೆ ಫೋನು ಮಾಡಿ ಸಂತೋಷದಿಂದ ಹೇಳಿದಳು. ಕೇಳಿದವರಿಗೆ ಇದು ವಿಚಿತ್ರವೆನಿಸಬಹುದು.

ಆ ಸಂತೋಷದ ಬೆನ್ನಿಗೇ ಕಷ್ಟದ ಕಾಲವೂ ಬಂತು. ಮೊದಲ ತಿಂಗಳುಗಳ ವಿಧೇಯತೆ ಕಳಚಿತು. ಹೇಳಿದ್ದಕ್ಕೆಲ್ಲ 'ಬ್ಯಾಡ', ತಟ್ಟೆ ತಳ್ಳುವುದು, ಹೆಂಡತಿಯ ಶಾಲೆಯ ಉತ್ತರ ಪತ್ರಿಕೆಗಳನ್ನು ಹರಿಯುವುದು, ಕೊನೆಗೆ 'ನನ್ನ ಯಾವಾಗ ವಾಪಸ್ ಕಳಸ್ತೀರಿ?' ಎಂಬ ಪ್ರಶ್ನೆ. ಕಳಿಸುವುದಿಲ್ಲ ಎಂಬ ಉತ್ತರವನ್ನು ಅವಳು ನಂಬಲಿಲ್ಲ; ನಂಬಲು ಅವಳಿಗೆ ಮಾತಿಗಿಂತ ಹೆಚ್ಚಿನ ಪುರಾವೆ ಬೇಕಿತ್ತು, ಪುರಾವೆ ಪಡೆಯಲು ನಮ್ಮ ತಾಳ್ಮೆಯನ್ನು ಪರೀಕ್ಷಿಸದೆ ಬೇರೆ ದಾರಿ ಇರಲಿಲ್ಲ. ಇದನ್ನು ನಮಗೆ ವಿವರಿಸಿದವರು ಮೈಸೂರಿನ ಒಬ್ಬ ಆಪ್ತಸಮಾಲೋಚಕರು. ನಿಯಮದಂತೆ ಎರಡು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತೆ ಬಂದು ಮಗುವಿನ ಸ್ಥಿತಿಗತಿ ವರದಿ ಮಾಡುತ್ತಾರೆ, ಅದು ನಮಗೆ ಧೈರ್ಯ ಕೊಟ್ಟಿತು. ಆದರೆ ಎರಡು ಭೇಟಿಗಳ ನಡುವಿನ ಆರು ತಿಂಗಳಲ್ಲಿ, ರಾತ್ರಿ ಹನ್ನೊಂದಕ್ಕೆ ಮಗು ಬಾಗಿಲು ಒದೆಯುತ್ತಿರುವಾಗ ಏನು ಮಾಡಬೇಕೆಂದು ಕೇಳಲು ಹತ್ತಿರದಲ್ಲಿ ಒಬ್ಬರು ಬೇಕು. ಮಗುವನ್ನು ಮನೆಗೆ ತಲುಪಿಸುವುದಕ್ಕೆ ನಮ್ಮ ವ್ಯವಸ್ಥೆ ಕೊಟ್ಟಿರುವ ಗಮನವನ್ನು ಮನೆಗೆ ತಲುಪಿದ ಮೇಲಿನ ಕಾಲಕ್ಕೂ ಕೊಡಬೇಕೆಂದು ನನ್ನ ಅಭಿಪ್ರಾಯ. ಹಿಂದಿರುಗಿಸುವ ದಂಪತಿಗಳನ್ನು ಹಳಿಯುವುದು ಸುಲಭ. ಆ ತಿಂಗಳುಗಳಲ್ಲಿ ಅವರ ಜೊತೆ ಯಾರಿದ್ದರು ಎಂಬ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ.

ಕಾಗದಪತ್ರಗಳ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ನಮ್ಮಿಬ್ಬರ ಹೆಸರಿರುವ ಜನನ ಪ್ರಮಾಣಪತ್ರ ಬಂದ ಮೇಲೆ ಆಧಾರ್, ಪಡಿತರ ಚೀಟಿಗಳು ತಡವಾದರೂ ಆದವು. ಜಾತಿ ಪ್ರಮಾಣಪತ್ರಕ್ಕೆ ಹೋದ ಕಚೇರಿಯೊಂದರಲ್ಲಿ, 'ಇದು ನಿಮ್ಮದು ಸರಿ, ಮಗುವಿನ ನಿಜವಾದ ಜಾತಿ ಯಾವುದು?' ಎಂದು ಎಲ್ಲರೆದುರು, ಅವಳ ಎದುರೂ ಕೇಳಿದರು. ದತ್ತು ಆದೇಶವನ್ನು ಮೇಜಿನ ಮೇಲಿಟ್ಟೆ. ಅವರು ಅದನ್ನು ಓದುವ ಗೋಜಿಗೆ ಹೋಗದೆ ಮೇಲಿನವರನ್ನು ಕೇಳಿ ಬನ್ನಿ ಎಂದರು. ಅಂದಿನಿಂದ ಇಂಥ ಕೆಲಸಗಳಿಗೆ ಅವಳನ್ನು ಕರೆದೊಯ್ಯುವುದಿಲ್ಲ. ಶಾಲೆಯಲ್ಲಿ ಬಂದ ತೊಡಕು ಬೇರೆ ಬಗೆಯದು. 'ನಾನು ಪುಟ್ಟ ಮಗುವಾಗಿದ್ದಾಗ' ಎಂಬ ಚಟುವಟಿಕೆಗೆ ಕೈಗೂಸಾಗಿದ್ದಾಗಿನ ಫೋಟೊ ತರಲು ಹೇಳಿದ್ದರು. ಅವಳ ಅತ್ಯಂತ ಹಳೆಯ ಫೋಟೊ ಎಂದರೆ ಅಧ್ಯಯನ ವರದಿಯ ಜೊತೆಗಿದ್ದದ್ದು: ಹಸಿರು ಗೋಡೆಯ ಮುಂದೆ, ಎರಡು ಜಡೆ ಹಾಕಿಕೊಂಡು ನೆಟ್ಟಗೆ ನಿಂತದ್ದು. ಹೆಂಡತಿ ಶಿಕ್ಷಕಿಯನ್ನು ಕಂಡು ಮಾತನಾಡಿದ ಮೇಲೆ ಅವರು ಚಟುವಟಿಕೆಯನ್ನೇ ಬದಲಿಸಿ, ಯಾವ ವಯಸ್ಸಿನದಾದರೂ ತಮಗೆ ಇಷ್ಟವಾದ ಫೋಟೊ ತನ್ನಿ ಎಂದು ಎಲ್ಲ ಮಕ್ಕಳಿಗೂ ಹೇಳಿದರು. ನಮ್ಮ ಮಗಳು ಆ ಹಸಿರು ಗೋಡೆಯ ಫೋಟೊವನ್ನೇ ಒಯ್ದಳು.

ವೈದ್ಯರಲ್ಲಿ ಹೋದರೆ 'ಮನೆಯಲ್ಲಿ ಯಾರಿಗಾದರೂ ಅಸ್ತಮಾ ಇದೆಯೇ?' ಎಂಬ ಪ್ರಶ್ನೆ. ಪೂಜಾರಿಗಳಲ್ಲಿ ಹೋದರೆ ನಕ್ಷತ್ರದ ಪ್ರಶ್ನೆ. ದತ್ತು ಬಂದ ಮಕ್ಕಳಲ್ಲಿ ಹಲವರ ಹುಟ್ಟಿದ ದಿನವನ್ನು ವೈದ್ಯರು ಅಂದಾಜಿಸಿರುತ್ತಾರೆ, ಹುಟ್ಟಿದ ಗಳಿಗೆಯಂತೂ ಯಾರಿಗೂ ಗೊತ್ತಿರುವುದಿಲ್ಲ. ದೀಪಾವಳಿಯ ಆಸುಪಾಸಿನಲ್ಲಿ ವರ್ಷಕ್ಕೊಮ್ಮೆ ಹಾಸನಾಂಬೆಯ ಗುಡಿಯ ಬಾಗಿಲು ತೆರೆದಾಗ ನಮ್ಮ ಮನೆಗೆ ನೆಂಟರು ತುಂಬುತ್ತಾರೆ. ಹಾಗೆ ಬಂದ ಅತ್ತೆಯೊಬ್ಬರು ಜಾತಕವಿಲ್ಲದೆ ನಾಳೆ ಮದುವೆ ಹೇಗೆ ಎಂದು ಎರಡನೇ ತರಗತಿಯ ಹುಡುಗಿಯ ಬಗ್ಗೆ ಚಿಂತೆ ವ್ಯಕ್ತಪಡಿಸಿದರು. ಅದಕ್ಕೆ ನನ್ನ ತಾಯಿ, 'ನಂಗೂ ಜಾತಕ ಇರ್ಲಿಲ್ಲ ಕಣಮ್ಮ, ನನ್ ಮದ್ವೆ ಆಗ್ಲಿಲ್ವ?' ಎಂದರು. ಮೊದಲು 'ಯಾರದೋ ಏನೋ' ಎಂದು ದೂರವಿದ್ದವರೇ ಅವರು. ಮನಸ್ಸು ಬದಲಾದದ್ದು ನಮ್ಮ ವಾದಗಳಿಂದಲ್ಲ, ಮುದ್ದೆಯ ಪಾಠದಿಂದ ಎಂದು ನನ್ನ ಊಹೆ.

ಚಿಕ್ಕಮಗಳೂರಿನ ಹತ್ತಿರದ ಕಾಫಿ ತೋಟವೊಂದರಲ್ಲಿ ನಮ್ಮಂಥ ಕೆಲವು ಕುಟುಂಬಗಳು ಆಗಾಗ ಸೇರುತ್ತೇವೆ. ಎಳೆಗೂಸನ್ನು ತಂದವರಿಗೆ ಅಲ್ಲಿ ಇರುವ ಚಿಂತೆ ಬೇರೆ: ಮಗುವಿಗೆ ಹೇಳಬೇಕೆ, ಯಾವಾಗ ಹೇಳಬೇಕು ಎಂಬುದು. ಮದುವೆಯ ವಯಸ್ಸು ಬಂದರೂ ಹೇಳದೆ, ಊರು ಬಿಟ್ಟು ಬೇರೆ ಊರಿಗೆ ಮನೆ ಬದಲಿಸಿದವರೂ ಇದ್ದಾರೆ. ಊರಿಗೆಲ್ಲ ಗೊತ್ತಿರುವ ವಿಷಯ ಮಗುವಿಗೊಂದಕ್ಕೆ ಗೊತ್ತಿಲ್ಲದಿರುವುದು ಆ ಮಗುವಿಗೆ ಮಾಡುವ ಅನ್ಯಾಯವೆಂದೇ ನಾನು ತಿಳಿದಿದ್ದೇನೆ, ಜಗಳವಾಡುವಾಗ ಪಕ್ಕದ ಮನೆಯ ಹುಡುಗ ಅದನ್ನು ಹೇಳಿಯೇ ಹೇಳುತ್ತಾನೆ. ನಮಗೆ ಈ ಆಯ್ಕೆಯ ಭಾರ ಇರಲಿಲ್ಲ. ನಮ್ಮ ಮಗಳಿಗೆ ಎಲ್ಲವೂ ನೆನಪಿದೆ; ನಮಗಿಂತ ಚೆನ್ನಾಗಿ ನೆನಪಿದೆ. ಅಲ್ಲಿನ ಬೇವಿನ ಮರ, ಬಟ್ಟೆ ಒಣಗಿಸುವ ತಂತಿ, ತನಗಿಂತ ಚಿಕ್ಕವಳಾಗಿದ್ದು ತನ್ನ ಪಕ್ಕದಲ್ಲೇ ಮಲಗುತ್ತಿದ್ದ ಒಬ್ಬ ಹುಡುಗಿ. ಈ ಮಾತುಗಳು ಬಂದಾಗ ವಿಷಯ ಬದಲಿಸದೆ ಕೇಳುವುದನ್ನು ನಾವು ರೂಢಿಸಿಕೊಂಡಿದ್ದೇವೆ. ಆರಂಭದಲ್ಲಿ ಹೆಂಡತಿಗೆ ಇದು ಸುಲಭವಾಗಿರಲಿಲ್ಲ.

ಹೆತ್ತವರ ಬಗ್ಗೆ ಅವಳು ಇನ್ನೂ ಹೆಚ್ಚು ಕೇಳಿಲ್ಲ. ಕೇಳುವ ಕಾಲಕ್ಕೆ ಕಾನೂನಿನಲ್ಲಿ ಅವಕಾಶವಿದೆ: ಮೂಲವನ್ನು ಹುಡುಕಲು 18 ತುಂಬಿದ ಮೇಲೆ ಅವಳೇ ಅರ್ಜಿ ಹಾಕಬಹುದು, ಅದಕ್ಕೆ ಮೊದಲಾದರೆ ನಮ್ಮ ಜೊತೆಗೂಡಿ ಹಾಕಬಹುದು. ಅದಕ್ಕೆ ಬೇಕಾಗುವ ಕಾಗದಗಳನ್ನೆಲ್ಲ ಒಂದು ಫೈಲಿನಲ್ಲಿ ಜೋಡಿಸಿ, ಅದು ಅವಳದೆಂದು ಅವಳಿಗೆ ತೋರಿಸಿ ಬೀರುವಿನಲ್ಲಿ ಇಟ್ಟಿದ್ದೇವೆ. ಸದ್ಯಕ್ಕೆ ಅವಳ ಬೇಡಿಕೆ ಸಣ್ಣದು. ಈಗ ಮೂರನೇ ತರಗತಿಯಲ್ಲಿದ್ದಾಳೆ, ಬೇಸಿಗೆ ರಜೆಯಲ್ಲಿ ಆ ಕೇಂದ್ರವನ್ನು ನೋಡಬೇಕಂತೆ. ಅನುಮತಿ ಕೇಳಿ ಪತ್ರ ಬರೆದೆವು, ಬರಬಹುದೆಂದು ಉತ್ತರವೂ ಬಂದಿದೆ. ಪಕ್ಕದಲ್ಲಿ ಮಲಗುತ್ತಿದ್ದ ಹುಡುಗಿಗೂ ಒಂದು ಮನೆ ಸಿಕ್ಕಿದೆಯಂತೆ, ಎಲ್ಲಿ ಎಂದು ಅವರು ಹೇಳುವಂತಿಲ್ಲ. ಹೆಸರಿಟ್ಟ ಆಯಾ ಇನ್ನೂ ಅಲ್ಲಿಯೇ ಇದ್ದಾರೆ. ಅವರಿಗೆ ಸಕಲೇಶಪುರದ ಏಲಕ್ಕಿ ಒಯ್ಯೋಣವೆಂದು ಹೆಂಡತಿ, ತನ್ನ ಮಾರ್ಕ್ಸ್ ಕಾರ್ಡ್ ಸಾಕೆಂದು ಮಗಳು. ಎರಡನ್ನೂ ಒಯ್ಯುವುದೆಂದು ತೀರ್ಮಾನವಾಗಿ ಅರಸೀಕೆರೆಯಿಂದ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ.